ಎರಡು ರೂಪಾಯಿ ಸ್ವೀಕರಿಸಲಾಗಿದೆ

ತಿಪಟೂರಿನಲ್ಲಿ ಕಾಲೇಜಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಒಂದು ಜೆರಾಕ್ಸ್ ಮೆಷಿನ್, ಒಂದು ಪ್ರಿಂಟರ್, ಜೊತೆಗೆ ಪೆನ್ನು, ನೋಟ್‌ಬುಕ್ಕು, ಅರ್ಜಿ ಫಾರಂ. ಎರಡು ವರ್ಷದಿಂದ ಗಲ್ಲಾದ ಪಕ್ಕದಲ್ಲಿ ಒಂದು ಸೌಂಡ್ ಬಾಕ್ಸೂ ಕೂತಿದೆ. ಯಾರಾದರೂ ಸ್ಕ್ಯಾನ್ ಮಾಡಿ ದುಡ್ಡು ಹಾಕಿದರೆ ಕೂಗಿ ಹೇಳುತ್ತದಲ್ಲ, ಅದೇ. ಮೊಬೈಲು, ಟೀವಿ, ಮಿಕ್ಸಿ ಬಗ್ಗೆ ಎಲ್ಲರೂ ರಿವ್ಯೂ ಬರೆಯುತ್ತಾರೆ. ದಿನಕ್ಕೆ ನೂರಿನ್ನೂರು ಸಲ ಬಾಯಿ ಬಿಡುವ ಈ ಡಬ್ಬದ ಬಗ್ಗೆ ಅಂಗಡಿಯವರು ಯಾರೂ ಬರೆದಿದ್ದು ನಾನು ನೋಡಿಲ್ಲ. ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹೇಳುವುದಿಲ್ಲ. ಪಕ್ಕದ ಅಂಗಡಿಯಲ್ಲಿ ಬೇರೆ ಕಂಪನಿಯದಿದೆ, ಅದರ ಕಥೆಯೂ ಹೆಚ್ಚುಕಮ್ಮಿ ಇದೇ.

ಇದನ್ನು ತಗೊಂಡಿದ್ದು ಆಸೆಯಿಂದ ಅಲ್ಲ, ಟೋಪಿ ಬಿದ್ದ ಮೇಲೆ. ಪ್ರಾಜೆಕ್ಟ್ ರಿಪೋರ್ಟ್ ಕೊಡುವ ಸೀಸನ್ ಅದು. ಅಂಗಡಿ ತುಂಬ ಹುಡುಗರು. ಒಬ್ಬ ನಾಲ್ಕು ಕಾಪಿ ತೆಗೆಸಿದ, ಬೈಂಡಿಂಗ್ ಸೇರಿ 480 ರೂಪಾಯಿ ಆಯಿತು. ಫೋನ್ ಎತ್ತಿ ತೋರಿಸಿದ. ಹಸಿರು ಬಣ್ಣ, ಟಿಕ್ ಗುರುತು, ನನ್ನ ಅಂಗಡಿ ಹೆಸರು, ಎಲ್ಲ ಸರಿಯಾಗಿತ್ತು. ದುಡ್ಡೊಂದು ಬರಲಿಲ್ಲ. ದುಡ್ಡು ಹೋದ ಹಾಗೆ ಸುಳ್ಳು ಸ್ಕ್ರೀನ್ ತೋರಿಸುವ ಆಪ್‌ಗಳೇ ಇವೆ ಅಂತ ಆಮೇಲೆ ಗೊತ್ತಾಯಿತು. ಅವತ್ತಿನಿಂದ ಎಲ್ಲರ ಫೋನನ್ನೂ ಕೈಗೆ ತಗೊಂಡು ನೋಡಲು ಶುರು ಮಾಡಿದೆ. "ತೋರಿಸಪ್ಪ", "ಇಲ್ಲಿ ಕೊಡಮ್ಮ". ನನಗೇ ಹಿಂಸೆ. ಮಿಡ್ಲ್ ಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು ಪೆನ್ಷನ್ ಕಾಗದ ಜೆರಾಕ್ಸ್ ಮಾಡಿಸಲು ಬರುತ್ತಾರೆ. ಅವರ ಹತ್ತಿರ ಫೋನ್ ತೋರಿಸಿ ಅನ್ನಲು ಬಾಯಿ ಬರುತ್ತದಾ? ಅವರು ತಾವಾಗಿಯೇ ಕನ್ನಡಕ ಮೇಲೆತ್ತಿ, "ನೋಡಮ್ಮ, ಹೋಗಿದೆ ತಾನೆ?" ಅಂತ ಮುಂದೆ ಹಿಡಿಯುತ್ತಿದ್ದರು. ನಾನು ನೋಡದೆಯೇ ಹ್ಞೂಂ ಅನ್ನುತ್ತಿದ್ದೆ.

ಈ ಬಾಕ್ಸ್ ಬಂದ ಮೇಲೆ ಆ ಹಿಂಸೆ ಹೋಯಿತು. ಇದಕ್ಕೆ ನಾನು ಕೊಡುವ ಅಂಕದಲ್ಲಿ ಮುಕ್ಕಾಲು ಪಾಲು ಇದೊಂದಕ್ಕೇ. ನಾನು ಯಾರನ್ನೂ ಅನುಮಾನಿಸಬೇಕಾಗಿಲ್ಲ, ಯಾರೂ ನನಗೆ ಸಾಕ್ಷಿ ತೋರಿಸಬೇಕಾಗಿಲ್ಲ. ನಾನು ಮೆಷಿನ್ ಕಡೆ ತಿರುಗಿ ಕಾಗದ ಹಾಕುತ್ತಿರುತ್ತೇನೆ. ಬೆನ್ನ ಹಿಂದೆ "ಎರಡು ರೂಪಾಯಿ ಸ್ವೀಕರಿಸಲಾಗಿದೆ" ಅನ್ನುತ್ತದೆ. ಮೇಷ್ಟ್ರು "ಬರ್ತೀನಮ್ಮ" ಅಂದು ಹೊರಡುತ್ತಾರೆ. ಅಷ್ಟೇ.

ಭಾಷೆ ವಿಷಯಕ್ಕೆ ಬರೋಣ. ಸೇಲ್ಸ್ ಹುಡುಗ ತಂದಿಟ್ಟಾಗ ಅದು ಹಿಂದಿಯಲ್ಲಿ ಮಾತಾಡುತ್ತಿತ್ತು. ಕನ್ನಡಕ್ಕೆ ಹಾಕಿಕೊಡಪ್ಪ ಅಂದರೆ, "ಆಪಲ್ಲಿ ಬರುತ್ತೆ ಮೇಡಂ, ನೀವೇ ಮಾಡ್ಕೋಬಹುದು" ಅಂದು ಗಾಡಿ ಹತ್ತಿದ. ಆಪಲ್ಲಿ ಹುಡುಕಿ ಹುಡುಕಿ ಒಂದು ವಾರ ಆಯಿತು. ಕೊನೆಗೆ ಬಿಕಾಂ ಓದುವ ಹುಡುಗಿಯೊಬ್ಬಳು ಎರಡೇ ನಿಮಿಷದಲ್ಲಿ ಮಾಡಿಕೊಟ್ಟಳು. ಕನ್ನಡ ಬಂತು ಸರಿ, ಆದರೆ ಎಂಥ ಕನ್ನಡ ಅದು! ಯಾವ ಅಂಗಡಿಯವರು "ಸ್ವೀಕರಿಸಲಾಗಿದೆ" ಅನ್ನುತ್ತಾರೆ? "ಬಂತು" ಅಂದರೆ ಸಾಕಿತ್ತು. ಸಂಖ್ಯೆಗಳನ್ನೂ ಬಿಡಿಬಿಡಿಯಾಗಿ ಜೋಡಿಸಿ ಹೇಳುತ್ತದೆ. "ನೂರು... ಇಪ್ಪತ್ತು... ಐದು" ಅಂತ, ಮಗ್ಗಿ ಮರೆತ ಹುಡುಗನ ಥರ. 2024ರಲ್ಲಿ ಫೋನ್‌ಪೇಯವರು ತಮ್ಮ ಸ್ಪೀಕರಿಗೆ ಕಿಚ್ಚ ಸುದೀಪ್ ದನಿ ತಂದರು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬೇಕರಿಯಲ್ಲಿ ಕೇಳಿದೆ. ನಮ್ಮ ಡಬ್ಬಕ್ಕೆ ಅಂಥ ಭಾಗ್ಯ ಇಲ್ಲ. ಎಲ್ಲಾ ಕಾಲದಲ್ಲೂ ಒಂದೇ ಹೆಂಗಸು, ಒಂದೇ ದನಿ. ಈಗ ಅಭ್ಯಾಸ ಆಗಿಬಿಟ್ಟಿದೆ.

ಇದರ ಒಳಗೇ ಒಂದು ಸಿಮ್ ಇದೆ. ನನ್ನ ಫೋನಿಗೂ ಇದಕ್ಕೂ ಸಂಬಂಧವೇ ಇಲ್ಲ. ದುಡ್ಡು ಬಂದ ಸುದ್ದಿ ಕಂಪನಿ ಕಂಪ್ಯೂಟರಿನಿಂದ ನೇರ ಡಬ್ಬಕ್ಕೆ ಬರುತ್ತದೆ. ಹಾಗಾಗಿ ನನ್ನ ಫೋನ್ ಸ್ವಿಚ್ ಆಫ್ ಆಗಿದ್ದರೂ ಇದು ಕೂಗುತ್ತದೆ. ಬ್ಯಾಟರಿ ಇರುವುದರಿಂದ ಕರೆಂಟ್ ಹೋದರೂ ಚಿಂತೆ ಇಲ್ಲ. ಕರೆಂಟ್ ಹೋದಾಗ ಜೆರಾಕ್ಸ್ ಮೆಷಿನ್ನೇ ನಿಂತಿರುತ್ತದೆ, ಇದು ಯಾರಿಗೆ ಕೂಗಬೇಕು ಅನ್ನುವುದು ಬೇರೆ ಮಾತು.

ಜೋರು ಮಳೆ ಬಂದ ದಿನ ಮಾತ್ರ ಇದರ ನಿಜವಾದ ಗುಣ ಗೊತ್ತಾಗುತ್ತದೆ. ನೆಟ್‌ವರ್ಕ್ ಇರುವುದಿಲ್ಲ. ಎದುರಿಗೆ ನಿಂತವರ ಫೋನಲ್ಲಿ ದುಡ್ಡು ಹೋಗಿದೆ, ಡಬ್ಬ ಸುಮ್ಮನಿದೆ. ಅವರು ನನ್ನ ಮುಖ ನೋಡುತ್ತಾರೆ, ನಾನು ಡಬ್ಬದ ಮುಖ ನೋಡುತ್ತೇನೆ. ಹತ್ತು ನಿಮಿಷ ಬಿಟ್ಟು, ಯಾರೂ ಇಲ್ಲದ ಹೊತ್ತಿನಲ್ಲಿ, ಒಂದರ ಹಿಂದೆ ಒಂದು ಐದಾರು ಸಲ ಕೂಗುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಪರೀಕ್ಷೆ ಸಮಯದಲ್ಲಿ. ಇದು ಎಷ್ಟು ಬಂತು ಅಂತ ಹೇಳುತ್ತದೆ, ಯಾರಿಂದ ಬಂತು ಅಂತ ಹೇಳುವುದಿಲ್ಲ. ಹಾಲ್ ಟಿಕೆಟ್ ಬಂದ ದಿನ ಎಲ್ಲರದೂ ಹತ್ತು ರೂಪಾಯಿಯೇ. "ಹತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂದ ಕೂಡಲೇ ಇಬ್ಬರು "ಆಂಟಿ, ಅದು ನಂದು" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಆಗ ನಾನು ಫೋನ್ ತೆಗೆದು ಹೆಸರು ನೋಡಬೇಕು. ಹೆಸರಾದರೂ ಅವರದಿರುತ್ತದಾ? ಅಪ್ಪಂದೋ ಅಣ್ಣಂದೋ ಇರುತ್ತದೆ. ಕೊನೆಗೆ ಮತ್ತೆ "ತೋರಿಸಮ್ಮ" ಅನ್ನುವಲ್ಲಿಗೇ ಬಂದು ನಿಲ್ಲುತ್ತೇನೆ.

ಮೇಲೆ ಎರಡು ಬಟನ್ ಇವೆ. ಒಂದನ್ನು ಒತ್ತಿದರೆ ಕೊನೆಗೆ ಬಂದ ದುಡ್ಡನ್ನು ಇನ್ನೊಂದು ಸಲ ಹೇಳುತ್ತದೆ. ಪಕ್ಕದ್ದನ್ನು ಒತ್ತಿದರೆ ಇಡೀ ದಿನದ ಲೆಕ್ಕ. ಎರಡೂ ಒಂದೇ ಅಳತೆ, ಒಂದೇ ಬಣ್ಣ. ಇದನ್ನು ಮಾಡಿದವರು ಒಂದು ದಿನವಾದರೂ ಅಂಗಡಿಯಲ್ಲಿ ಕೂತಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಒಂದು ಸಂಜೆ ಬಿಲ್ಡಿಂಗ್ ಓನರ್ ಬಾಡಿಗೆ ವಿಚಾರ ಮಾತಾಡಲು ಬಂದಿದ್ದರು. "ಏನು ವ್ಯಾಪಾರ ಅಂತೀರಿ ಅಣ್ಣಾ, ಈಗ ಎಲ್ಲಾ ಫೋನಲ್ಲೇ ಓದ್ತಾರೆ" ಅಂತ ನಾನು ಗೋಳು ಹೇಳಿಕೊಳ್ಳುತ್ತಿದ್ದೆ. ಆಗಲೇ ಯಾರೋ ದುಡ್ಡು ಹಾಕಿದರು, ಸರಿಯಾಗಿ ಕೇಳಲಿಲ್ಲ ಅಂತ ಬಟನ್ ಒತ್ತಿದೆ. ಡಬ್ಬ ಊರಿಗೆಲ್ಲ ಕೇಳುವ ಹಾಗೆ, "ಇಂದಿನ ಒಟ್ಟು ಮೊತ್ತ ಮೂರು ಸಾವಿರದ ಆರು ನೂರು..." ಅಂತ ಶುರು ಮಾಡಿತು. ವಾಲ್ಯೂಮ್ ಇಳಿಸುವಷ್ಟರಲ್ಲಿ ಎಲ್ಲಾ ಹೇಳಿ ಮುಗಿಸಿತ್ತು. ಓನರ್ ಏನೂ ಮಾತಾಡಲಿಲ್ಲ, ನಕ್ಕರು. ಮುಂದಿನ ತಿಂಗಳಿಂದ ಬಾಡಿಗೆ ಐನೂರು ಜಾಸ್ತಿಯಾಯಿತು.

ಇದಕ್ಕೂ ಬಾಡಿಗೆ ಇದೆ. ಹುಡುಗ "ಫ್ರೀ ಮೇಡಂ" ಅಂದಿದ್ದ. ಫ್ರೀ ಆಗಿದ್ದು ಮೊದಲ ತಿಂಗಳು ಮಾತ್ರ. ಆಮೇಲೆ ತಿಂಗಳಿಗೆ 125 ರೂಪಾಯಿ, ಕೇಳದೆಯೇ ಮುರಿದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರವತ್ತಮೂರು ಜೆರಾಕ್ಸ್. ಮೊದಲು ಸಿಟ್ಟು ಬಂದಿತ್ತು, ಆಮೇಲೆ ಕೂತು ಯೋಚನೆ ಮಾಡಿದೆ. ಯುಪಿಐ ಶುರುವಾಗಿದ್ದು 2016ರಲ್ಲಿ. 2020ರ ಜನವರಿಯಿಂದ, ಬ್ಯಾಂಕ್ ಖಾತೆಯಿಂದ ಯುಪಿಐನಲ್ಲಿ ಬರುವ ದುಡ್ಡಿಗೆ ಅಂಗಡಿಯವರ ಹತ್ತಿರ ಕಮಿಷನ್ ಹಿಡಿಯುವಂತಿಲ್ಲ ಅಂತ ಸರ್ಕಾರ ನಿಯಮ ಮಾಡಿತು. ಕ್ರೆಡಿಟ್ ಕಾರ್ಡ್ ಉಜ್ಜಿದರೆ ನೂರಕ್ಕೆ ಇಷ್ಟು ಅಂತ ಹೋಗುತ್ತದೆ. ಇದರಲ್ಲಿ ಎರಡು ರೂಪಾಯಿ ಬಂದರೆ ಎರಡೂ ನನ್ನದೇ. ಮತ್ತೆ ಕಂಪನಿ ಹೊಟ್ಟೆಗೆ ಏನು ತಿನ್ನಬೇಕು? ಈ ಡಬ್ಬದ ಬಾಡಿಗೆ. ಆಮೇಲೆ ಸಾಲ. ಆರು ತಿಂಗಳು ಆದ ಮೇಲೆ ಫೋನ್ ಬರಲು ಶುರುವಾಯಿತು. "ಮೇಡಂ, ನಿಮ್ಮ ವ್ಯವಹಾರ ಚೆನ್ನಾಗಿದೆ, ಲೋನ್ ಕೊಡ್ತೀವಿ, ದಿನಾ ಸ್ವಲ್ಪ ಸ್ವಲ್ಪ ಕಟ್ ಆಗುತ್ತೆ, ನಿಮಗೆ ಗೊತ್ತೇ ಆಗಲ್ಲ." ಗೊತ್ತೇ ಆಗಲ್ಲ ಅನ್ನುವುದೇ ನನಗೆ ಭಯ. ಬೇಡ ಅಂದೆ. ನನ್ನ ದಿನದ ಲೆಕ್ಕ ಡಬ್ಬಕ್ಕೆ ಗೊತ್ತು, ಓನರಿಗೆ ಗೊತ್ತು, ಲೋನಿನವರಿಗೂ ಗೊತ್ತು ಅನ್ನುವುದು ಅವತ್ತು ಸ್ವಲ್ಪ ಚುಚ್ಚಿತು.

2025ರ ಜುಲೈನಲ್ಲಿ ಆ ಭಯ ರಾಜ್ಯಕ್ಕೆಲ್ಲ ಬಂತು. ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ವರ್ಷಕ್ಕೆ ಸರಕು ಮಾರುವವರಿಗೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು ಅನ್ನುವುದು ನಿಯಮ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ "ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿತ್ತು. ನಮ್ಮ ಎದುರಿನ ಹಣ್ಣಿನ ಅಂಗಡಿಯವರೂ ಸ್ಕ್ಯಾನರ್ ಕಿತ್ತು, ಡಬ್ಬವನ್ನು ಬಾಳೆಗೊನೆ ಹಿಂದೆ ಬಚ್ಚಿಟ್ಟರು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿ ಹೇಳಿದ ಮೇಲೆ ನಿಧಾನಕ್ಕೆ ಹೊರಗೆ ತೆಗೆದರು. ನಾನು ತೆಗೆಯಲಿಲ್ಲ. ನನ್ನ ಎರಡು ರೂಪಾಯಿ, ಹತ್ತು ರೂಪಾಯಿಗಳು ವರ್ಷಕ್ಕೆ 20 ಲಕ್ಷ ಆಗುವ ಹೊತ್ತಿಗೆ ಮೆಷಿನ್ನೂ ಇರುವುದಿಲ್ಲ, ನಾನೂ ಇರುವುದಿಲ್ಲ.

ತಗೊಳ್ಳಬಹುದಾ ಅಂತ ಕೇಳಿದರೆ, ಅಂಗಡಿಯಲ್ಲಿ ಒಬ್ಬರೇ ಇರುವವರು ತಗೊಳ್ಳಿ. ಬಾಡಿಗೆ ಎಷ್ಟು, ಯಾವ ತಿಂಗಳಿಂದ ಅಂತ ಮೊದಲೇ ಕೇಳಿ. ಕನ್ನಡ ಹಾಕಿಕೊಡುವ ತನಕ ಹುಡುಗನ ಗಾಡಿ ಕೀ ಕೊಡಬೇಡಿ. ಆ ಲೆಕ್ಕದ ಬಟನ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ನಾನೀಗ ಹಾಗೇ ಮಾಡಿದ್ದೇನೆ.

ರಾತ್ರಿ ಚಾರ್ಜಿಗೆ ಹಾಕಲು ಡಬ್ಬವನ್ನು ಮನೆಗೆ ತರುತ್ತೇನೆ. ಹೋದ ತಿಂಗಳು ಒಂದು ರಾತ್ರಿ, ಹನ್ನೊಂದೂವರೆ ಇರಬೇಕು, ಅಡುಗೆ ಮನೆಯಿಂದ "ಹದಿನಾಲ್ಕು ರೂಪಾಯಿ ಸ್ವೀಕರಿಸಲಾಗಿದೆ" ಅಂತು. ಮನೆಯವರು ಗಾಬರಿಯಾಗಿ ಎದ್ದು ಕೂತು, "ಯಾರೇ ಅದು?" ಅಂದರು. ಫೋನ್ ತೆಗೆದು ಹೆಸರು ನೋಡಿದೆ. ಮೂರು ವಾರದ ಹಿಂದೆ ಒಬ್ಬ ಹುಡುಗಿ ನೋಟ್ಸ್ ಜೆರಾಕ್ಸ್ ಮಾಡಿಸಿದ್ದಳು. ಫೋನ್ ಚಾರ್ಜ್ ಮುಗಿದಿತ್ತು, ಕೈಯಲ್ಲಿ ಚಿಲ್ಲರೆ ಇರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. "ನಾಳೆ ಕೊಡ್ತೀನಿ ಆಂಟಿ" ಅಂದು ಓಡಿದ್ದಳು. ನಾನು ಮರೆತೇ ಬಿಟ್ಟಿದ್ದೆ. ಹಿಂದೆ ಯಾವಾಗಲೋ ಸ್ಕ್ಯಾನ್ ಮಾಡಿದ್ದರಿಂದ ಅಂಗಡಿ ಹೆಸರು ಅವಳ ಫೋನಲ್ಲಿ ಉಳಿದಿರಬೇಕು.

"ಮಲಕ್ಕೊಳ್ಳಿ, ಜೆರಾಕ್ಸ್ ದುಡ್ಡು" ಅಂದೆ. ಎದ್ದು ಹೋಗಿ, ಕತ್ತಲಲ್ಲೇ ಟೇಪ್ ಇಲ್ಲದ ಬಟನ್ ತಡವಿ, ಇನ್ನೊಂದು ಸಲ ಕೇಳಿದೆ.