ಎವೊ, ಎಸ್‌ಟಿಐ, ಜಿಆರ್ ಯಾರಿಸ್: ಕಲಬುರಗಿಯ ಬಿಸಿಲು–ಮಣ್ಣಿಗೆ ಒಗ್ಗುವ ರ‍್ಯಾಲಿ ಕಾರು ಯಾವುದು?

ಟರ್ಬೊ ಎಂಜಿನ್ನೂ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವ್ಯವಸ್ಥೆಯೂ ಇರುವ ಕಾರನ್ನು ರ‍್ಯಾಲಿಗೆಂದೇ ಕೊಳ್ಳುವವರ ಮುಂದೆ ಬಹಳ ವರ್ಷ ಎರಡೇ ಹೆಸರುಗಳಿದ್ದವು: ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ (ಎವೊ) ಮತ್ತು ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ. 2020ರಲ್ಲಿ ಟೊಯೊಟಾ ಜಿಆರ್ ಯಾರಿಸ್ ಮೂರನೆಯದಾಗಿ ಸೇರಿತು. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂದು ಕೇಳುವ ಹುಡುಗರು ಈಗ ಕಲಬುರಗಿ, ಬೀದರ್ ಕಡೆಯಲ್ಲೂ ಇದ್ದಾರೆ; ನಮ್ಮಣ್ಣನ ಮಗನೇ ಅವರಲ್ಲೊಬ್ಬ. ಮಸ್ಕತ್‌ನ ಗ್ಯಾರೇಜೊಂದರಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಎವೊ ಮತ್ತು ಎಸ್‌ಟಿಐಗಳನ್ನು ಬಿಚ್ಚಿ ಜೋಡಿಸಿ ಓಡಿಸಿದ ಅನುಭವ ನನಗಿದೆ. ಯಾರಿಸ್ ಅನ್ನು ಒಬ್ಬ ಗಿರಾಕಿಯ ಔದಾರ್ಯದಿಂದ ಸ್ವಲ್ಪ ದೂರ ಮಾತ್ರ ಓಡಿಸಿದ್ದೇನೆ, ಹಾಗಾಗಿ ಅದರ ಬಗೆಗಿನ ನನ್ನ ಮಾತಿಗೆ ಅಷ್ಟೇ ಬೆಲೆ ಕೊಟ್ಟರೆ ಸಾಕು. ನನ್ನ ಅಳತೆಗೋಲು ಒಂದೇ: ಬಿಸಿಲು, ಧೂಳು, ಕಲ್ಲುಗಳ ನಡುವೆ ದಿನವಿಡೀ ಓಡಿ, ಬಿಡಿಭಾಗ ಸಿಗುವ ಬೆಂಗಳೂರಿನಿಂದ ಐನೂರಕ್ಕೂ ಹೆಚ್ಚು ಕಿಲೊಮೀಟರ್ ದೂರದಲ್ಲಿ, ಒಬ್ಬಿಬ್ಬರು ಮೆಕ್ಯಾನಿಕ್‌ಗಳ ಕೈಯಲ್ಲೇ ರಿಪೇರಿಯಾಗಿ ಮರುದಿನ ಬೆಳಿಗ್ಗೆ ಮತ್ತೆ ಹೊರಡಬಲ್ಲ ಕಾರು ಯಾವುದು.

ಎವೊ ಮತ್ತು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್ ಎರಡೂ 1992ರಲ್ಲಿ ಬಂದವು, ಎರಡನ್ನೂ ಹುಟ್ಟಿಸಿದ್ದು ನಿಯಮಪುಸ್ತಕ. ವಿಶ್ವ ರ‍್ಯಾಲಿಯ ಗ್ರೂಪ್ ಎ ವರ್ಗದಲ್ಲಿ ಸ್ಪರ್ಧಿಸಬೇಕಾದರೆ ಅದೇ ಮಾದರಿಯ 2,500 ಕಾರುಗಳನ್ನು ತಯಾರಿಸಲೇಬೇಕಿತ್ತು. ಅದರಿಂದಾಗಿ ರ‍್ಯಾಲಿಯ ಯಂತ್ರ ಶೋರೂಮಿಗೆ ಬಂತು. ಕಾಲಿನ್ ಮೆಕ್‌ರೇ 1995ರಲ್ಲಿ, ರಿಚರ್ಡ್ ಬರ್ನ್ಸ್ 2001ರಲ್ಲಿ, ಪೆಟ್ಟರ್ ಸೋಲ್ಬರ್ಗ್ 2003ರಲ್ಲಿ ಸುಬಾರುವಿನಲ್ಲಿ ವಿಶ್ವ ಚಾಂಪಿಯನ್ ಆದರು; ಟಾಮಿ ಮಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ಎವೊದಲ್ಲಿ ಗೆದ್ದರು. ಈ ಪಟ್ಟಿಯನ್ನು ಓದುವಾಗ ಒಂದು ವಿಷಯವನ್ನು ಗಮನಿಸಬೇಕು. ಸುಬಾರು 1997ರಿಂದಲೇ ಮಾರಾಟದ ಕಾರಿಗಿಂತ ಬಹಳ ಬೇರೆಯಾಗಿರಲು ಅವಕಾಶವಿದ್ದ ವರ್ಲ್ಡ್ ರ‍್ಯಾಲಿ ಕಾರ್ ನಿಯಮಕ್ಕೆ ಹೊರಳಿತು. ಮಾಕಿನೆನ್ ಗೆದ್ದ ನಾಲ್ಕೂ ವರ್ಷ ಮಿತ್ಸುಬಿಷಿ ಗ್ರೂಪ್ ಎ ಕಾರನ್ನೇ ನೆಚ್ಚಿಕೊಂಡಿತ್ತು. ಅಂಗಡಿಯಲ್ಲಿ ಸಿಗುವ ಕಾರಿಗೂ ಸ್ಟೇಜ್ (ರ‍್ಯಾಲಿಯಲ್ಲಿ ಸಮಯ ಅಳೆಯುವ ಒಂದೊಂದು ತುಂಡು ದಾರಿ) ಗೆದ್ದ ಕಾರಿಗೂ ಇರುವ ನಂಟು ಎವೊದಲ್ಲಿ ಹೆಚ್ಚು ಹತ್ತಿರದ್ದು. ಅದೇ ಮಾಕಿನೆನ್ ಮುಂದೆ ಟೊಯೊಟಾದ ರ‍್ಯಾಲಿ ತಂಡವನ್ನು ಕಟ್ಟಿ ನಡೆಸಿದರು, ಜಿಆರ್ ಯಾರಿಸ್ ರೂಪುಗೊಳ್ಳುವಾಗಲೂ ಅವರ ಸಲಹೆಯಿತ್ತು ಎಂಬುದು ಎವೊ ಅಭಿಮಾನಿಗಳು ಒಪ್ಪಿಕೊಳ್ಳಲು ಸ್ವಲ್ಪ ಹಿಂಜರಿಯುವ ಸಂಗತಿ.

ನಮ್ಮ ನೆಲ ಒಂದೇ ಬಗೆಯದಲ್ಲ. ಕಲಬುರಗಿ, ಜೇವರ್ಗಿ, ಯಾದಗಿರಿಯ ಸುತ್ತ ತೊಗರಿ ಬೆಳೆಯುವ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುತ್ತದೆ. ಒಂದು ಮಳೆ ಬಿದ್ದರೆ ಅದೇ ಮಣ್ಣು ಟೈರಿನ ಗೆರೆಗಳನ್ನು ಪೂರ್ತಿ ಮುಚ್ಚಿ, ಚಕ್ರದ ಗೂಡಿನೊಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರಸಿ ಗಣಿಗಳ ಪಕ್ಕದ ದಾರಿಗಳಲ್ಲಿ ಚೂಪಾದ ಕಲ್ಲಿನ ಚೂರುಗಳು ಟೈರಿನ ಪಕ್ಕವನ್ನು ಸೀಳುತ್ತವೆ. ಚಿಂಚೋಳಿಯ ಕಾಡಿನಂಚಿನಿಂದ ಬೀದರಿನವರೆಗೆ ಕೆಂಪು ಜಂಬಿಟ್ಟಿಗೆಯ ನೆಲ, ಅದರ ಮೇಲೆ ಉರುಟು ಮುರುಂ ಹರಡಿರುತ್ತದೆ. ರ‍್ಯಾಲಿಯವರಿಗೆ ಬೇಕಾದ ನಿಜವಾದ ಗ್ರ್ಯಾವೆಲ್ ಎಂದರೆ ಇದೇ. ಮೇ ತಿಂಗಳ 43 ಡಿಗ್ರಿಯನ್ನು ಈ ಮೂರಕ್ಕೂ ಸೇರಿಸಿಕೊಳ್ಳಬೇಕು. ಸಾರ್ವಜನಿಕ ರಸ್ತೆಯಲ್ಲಿ ವೇಗದ ಪರೀಕ್ಷೆ ಮಾಡುವುದು ಮೋಟಾರು ವಾಹನ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧ. ಖಾಸಗಿ ಜಾಗ ಅಥವಾ ಅನುಮತಿ ಪಡೆದು ಮುಚ್ಚಿದ ರಸ್ತೆ ಇಲ್ಲದೆ ಇಲ್ಲಿ ಹೇಳಿರುವ ಯಾವುದನ್ನೂ ಪ್ರಯತ್ನಿಸಬಾರದು.

ಇನ್ನು ಎಂಜಿನ್. ಆಯ್ಕೆಯ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ. 43 ಡಿಗ್ರಿಯ ಗಾಳಿ 15 ಡಿಗ್ರಿಯ ಗಾಳಿಗಿಂತ ಸುಮಾರು ಶೇ 9ರಷ್ಟು ತೆಳು. ಆ ಕೊರತೆಯನ್ನು ತುಂಬಲು, ಗಾಳಿಯನ್ನು ಒತ್ತಿ ಎಂಜಿನ್ನಿಗೆ ತಳ್ಳುವ ಟರ್ಬೊ ಹೆಚ್ಚು ವೇಗವಾಗಿ ತಿರುಗಬೇಕಾಗುತ್ತದೆ, ತಿರುಗಿದಷ್ಟೂ ಒತ್ತಿದ ಗಾಳಿ ಇನ್ನಷ್ಟು ಕಾಯುತ್ತದೆ, ಕಾದ ಗಾಳಿಯನ್ನು ಇಂಟರ್‌ಕೂಲರ್ ತಣಿಸಲಾಗದೆ ಹೋದರೆ ಸಿಲಿಂಡರಿನಲ್ಲಿ ಇಂಧನ ಹೊತ್ತಿಗೆ ಮುಂಚೆ ಸಿಡಿಯುತ್ತದೆ. ಎವೊದ ಇಂಟರ್‌ಕೂಲರ್ ಬಂಪರಿನ ಬಾಯಲ್ಲೇ ಇದೆ. ಎಸ್‌ಟಿಐನದು ಎಂಜಿನ್ನಿನ ತಲೆಯ ಮೇಲಿದ್ದು, ಬಾನೆಟ್‌ನ ಕಿಂಡಿಯಿಂದ ಬರುವ ಗಾಳಿಯನ್ನು ನಂಬಿಕೊಂಡಿದೆ. ತೆರೆದ ದಾರಿಯಲ್ಲಿ ವೇಗವಾಗಿ ಹೋಗುವಾಗ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸ್ಟೇಜ್ ಆರಂಭದಲ್ಲಿ ಸರದಿಗಾಗಿ ಕಾಯುತ್ತಾ ನಿಂತಾಗ ಅಥವಾ ಬಿಗಿಯಾದ ತಿರುವುಗಳ ಸಾಲಿನಲ್ಲಿ ನಿಧಾನವಾಗಿ ಸಾಗುವಾಗ ಎಸ್‌ಟಿಐನ ಇಂಟರ್‌ಕೂಲರ್ ಕೆಳಗಿನ ಎಂಜಿನ್ನಿನ ಶಾಖವನ್ನೆಲ್ಲ ಹೀರಿಕೊಂಡು ಕೂರುತ್ತದೆ, ಮುಂದಿನ ಒಂದೆರಡು ಕಿಲೊಮೀಟರ್ ಕಾರು ಮಂಕಾಗುತ್ತದೆ. ಎವೊದ ವಿನ್ಯಾಸಕ್ಕೂ ತನ್ನದೇ ದಂಡವಿದೆ: ಮುಂದಿನ ಕಾರು ಎಬ್ಬಿಸಿದ ಕಲ್ಲು ನೇರವಾಗಿ ಅದಕ್ಕೇ ಬಡಿಯುತ್ತದೆ, ಆದ್ದರಿಂದ ಗಟ್ಟಿ ಜಾಲರಿಯಿಲ್ಲದೆ ಅದನ್ನು ಸ್ಟೇಜಿಗೆ ಇಳಿಸಬಾರದು.

ಎವೊ 1ರಿಂದ 9ರವರೆಗೆ ಬಳಸಿದ 4ಜಿ63 ಎಂಜಿನ್ 1,997 ಸಿಸಿಯದು, ಅದರ ಬ್ಲಾಕ್ ಎರಕದ ಕಬ್ಬಿಣದ್ದು. ಭಾರವಾದರೂ ಶಾಖವನ್ನೂ ಅತಿ ಒತ್ತಡವನ್ನೂ ತಡೆಯುವ ವಿಷಯದಲ್ಲಿ ಅದಕ್ಕೆ ಸರಿಸಾಟಿ ಕಡಿಮೆ. ಸುಬಾರುವಿನ ಎಂಜಿನ್ ಎರಡೆರಡು ಸಿಲಿಂಡರ್‌ಗಳು ಎದುರುಬದುರಾಗಿ ಮಲಗಿರುವ ಅಲ್ಯೂಮಿನಿಯಂ ಬಾಕ್ಸರ್. ಗುರುತ್ವಕೇಂದ್ರ ತಗ್ಗಿಗಿರುತ್ತದೆ, ಎಂಜಿನ್ನನ್ನು ಇಡಿಯಾಗಿ ಹೊರತೆಗೆಯುವುದೂ ಸುಲಭ. ಆದರೆ ಸ್ಪಾರ್ಕ್ ಪ್ಲಗ್ ಬದಲಿಸಲು ಷಾಸಿಯ ಸಂದಿಯಲ್ಲಿ ಕೈ ತೂರಿಸಿ ಒದ್ದಾಡಬೇಕು, ಹೆಡ್ ಗ್ಯಾಸ್ಕೆಟ್ ಬದಲಿಸುವುದೆಂದರೆ ಎಂಜಿನ್ ಹೊರಗೆ ಬಂದಂತೆಯೇ. ಹೊರದೇಶಗಳಿಗೆ ಕಳುಹಿಸಿದ 2.5 ಲೀಟರಿನ ಎಸ್‌ಟಿಐಗಳಲ್ಲಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುವುದು ಲೋಕಕ್ಕೆ ತಿಳಿದ ದೌರ್ಬಲ್ಯ, ಅದಕ್ಕೆ ಮುಖ್ಯ ಕಾರಣ ಮೇಲೆ ಹೇಳಿದ ಅಕಾಲ ಸಿಡಿತವೇ. ಜಪಾನಿನ ಮಾರುಕಟ್ಟೆಯ ಕಾರುಗಳು 100 ಆಕ್ಟೇನ್ (ಅಕಾಲ ಸಿಡಿತ ತಡೆಯುವ ಗುಣದ ಅಳತೆ) ಪೆಟ್ರೋಲಿಗೆ ಹೊಂದಿಸಿದವು. ನಮ್ಮ ಬಂಕುಗಳ ಸಾಮಾನ್ಯ ಪೆಟ್ರೋಲ್ ಅದಕ್ಕಿಂತ ಕಡಿಮೆ ಆಕ್ಟೇನಿನದು. ಎಸ್‌ಟಿಐ ಬೇಕೇ ಬೇಕೆನ್ನುವವರು 2.0 ಲೀಟರಿನ ಎಂಜಿನ್ ಇರುವುದನ್ನೇ ಹುಡುಕಬೇಕು, ಎಂಜಿನ್ನಿನ ಕಂಪ್ಯೂಟರಾದ ಇಸಿಯುವನ್ನು ಕೈಯಳತೆಯ ಇಂಧನಕ್ಕೆ ತಕ್ಕಂತೆ ಮರುಹೊಂದಿಸಬೇಕು. ಅಂದಹಾಗೆ, ಸುಬಾರುವಿನ ಆ ಪ್ರಸಿದ್ಧ ಗುಡುಗುಡು ಸದ್ದು ಬರುವುದು ಉದ್ದ ಸಮವಿಲ್ಲದ ಎಕ್ಸಾಸ್ಟ್ ಕೊಳವೆಗಳಿಂದ. ಆ ಸದ್ದಿಗೆ ಮರುಳಾಗಿ ಕಾರು ಕೊಂಡವರು ಕಡಿಮೆಯಿಲ್ಲ, ಆದರೆ ಸಮ ಉದ್ದದ ಕೊಳವೆಗಳಿರುವ ಕಾರೇ ಟರ್ಬೊವನ್ನು ಚುರುಕಾಗಿ ಎಬ್ಬಿಸುತ್ತದೆ.

ಯಾರಿಸ್‌ನ 1,618 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಜಪಾನಿನಲ್ಲಿ ಮೊದಲಿಗೆ 272 ಪಿಎಸ್ ಕೊಡುತ್ತಿತ್ತು, 2024ರ ಪರಿಷ್ಕರಣೆಯ ನಂತರ 304 ಕೊಡುತ್ತದೆ. ಇಷ್ಟು ಸಣ್ಣ ಎಂಜಿನ್ನಿನಿಂದ ಇಷ್ಟು ಬಲ ಪಡೆಯುವುದು ಮೆಚ್ಚಬೇಕಾದ ಸಾಧನೆ. ಆದರೆ ಅದರ ಕಂಪ್ರೆಷನ್ ಅನುಪಾತ 10.5, ಎವೊ 9ರದು 8.8; ಈ ಅನುಪಾತ ಹೆಚ್ಚಿದಷ್ಟೂ ಅಕಾಲ ಸಿಡಿತದ ಭಯ ಹೆಚ್ಚು. ಒಳ್ಳೆಯ ಪೆಟ್ರೋಲ್ ಇಲ್ಲದ ಕಡೆ ಈ ಅಂತರವನ್ನು ಎಲೆಕ್ಟ್ರಾನಿಕ್ಸ್ ಸಂಭಾಳಿಸುತ್ತದೆ ನಿಜ, ಅದು ಸಂಭಾಳಿಸುವುದು ಶಕ್ತಿಯನ್ನು ತಗ್ಗಿಸುವ ಮೂಲಕ.

ನಾಲ್ಕು ಚಕ್ರಗಳ ಚಾಲನೆಯಲ್ಲಿ ಮೂರೂ ಕಾರುಗಳು ಮೂರು ದಾರಿ ಹಿಡಿದಿವೆ. ಎವೊ 7ರಿಂದ ಬಂದ ಸೆಂಟರ್ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳ ನಡುವೆ ಬಲ ಹಂಚುವ ಭಾಗ) ವ್ಯವಸ್ಥೆಯಲ್ಲಿ ಡಾಂಬರು, ಗ್ರ್ಯಾವೆಲ್, ಹಿಮ ಎಂಬ ಮೂರು ಆಯ್ಕೆಗಳಿದ್ದು, ಬಿಗಿ–ಸಡಿಲಗಳನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಎಸ್‌ಟಿಐನಲ್ಲಿ ಅದೇ ಕೆಲಸಕ್ಕೆ ಚಾಲಕನ ಕೈಗೆ ಸಿಗುವ ಒಂದು ಗುಂಡಿಯಿದೆ, ಹಿಂದಿನ ಚಕ್ರಗಳಿಗೆ ಹೆಚ್ಚು ಪಾಲು ಕೊಡುವ ಸ್ವಭಾವವಿದೆ. ಬೀದರ್ ಕಡೆಯ ಮುರುಂ ಹರಡಿದ ತಿರುವಿನಂಥ ಕಡೆ ಈ ವ್ಯತ್ಯಾಸ ಸ್ಟಿಯರಿಂಗಿನಲ್ಲೇ ಗೊತ್ತಾಗುತ್ತದೆ. ಎವೊ ಮೂತಿಯನ್ನು ಒಡನೆಯೇ ಒಳಕ್ಕೆ ತಿರುಗಿಸುತ್ತದೆ, ಚಾಲಕ ತಡವಾಗಿ ಬ್ರೇಕ್ ಹಾಕಿದರೂ ಕ್ಷಮಿಸುತ್ತದೆ. ಎಸ್‌ಟಿಐನ ಎಂಜಿನ್ ಮುಂದಿನ ಆಕ್ಸಲ್‌ಗಿಂತ ಮುಂದಕ್ಕೆ ಚಾಚಿಕೊಂಡಿರುವುದರಿಂದ, ಕಾರು ತಿರುವಿನ ಹೊರಕ್ಕೆ ಜಾರಲು ನೋಡುತ್ತದೆ. ಬ್ರೇಕಿನಲ್ಲೇ ಹಿಂಬದಿಯನ್ನು ಸಡಿಲಿಸಿ, ಎಕ್ಸಲರೇಟರ್ ಒತ್ತಿ ಹೊರಬರುವ ಕಲೆ ಗೊತ್ತಿದ್ದವರಿಗೆ ಅದರ ಸುಖವೇ ಬೇರೆ, ಗೊತ್ತಿಲ್ಲದವರಿಗೆ ಬದಿಯ ಬದುವೇ ಗತಿ. ಯಾರಿಸ್‌ನಲ್ಲಿ ಸೆಂಟರ್ ಡಿಫರೆನ್ಷಿಯಲ್ಲೇ ಇಲ್ಲ, ಬದಲಿಗೆ ಎಲೆಕ್ಟ್ರಾನಿಕ್ ಕ್ಲಚ್ ಇದೆ. ಸುಮಾರು 1,280 ಕಿಲೊ ತೂಕ ಮತ್ತು 2,560 ಮಿ.ಮೀ. ವೀಲ್‌ಬೇಸ್ ಇರುವ ಈ ಪುಟ್ಟ ಕಾರು ಬಿಗಿ ತಿರುವುಗಳಲ್ಲಿ ಉಳಿದೆರಡನ್ನೂ ಹಿಂದೆ ಹಾಕುತ್ತದೆ ಎಂಬುದು ನನ್ನ ಅಂದಾಜು. ಆ ಕ್ಲಚ್ ಮಾತ್ರ ದೀರ್ಘ ಸ್ಟೇಜಿನಲ್ಲಿ ಬಿಸಿಯೇರುವ ಜಾತಿಯದು, ಡಾಂಬರಿನ ರೇಸ್ ಟ್ರ್ಯಾಕಿಗಿಂತ ಕೆಸರಿನಲ್ಲಿ ಬೇಗ.

ಎವೊದಲ್ಲೂ ಎಲ್ಲವೂ ಒಳ್ಳೆಯದೇನಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಬಲ ಹಂಚುವ ಎವೈಸಿ ವ್ಯವಸ್ಥೆ ಜಾಣತನದ್ದಾದರೂ ಅದರ ಪಂಪು, ಕ್ಲಚ್ಚುಗಳು ಕೆಟ್ಟರೆ ಖರ್ಚು ಭಾರಿ. ಹಿಂದಿನ ಚಕ್ರಗಳ ಕಡೆಗೆ ಬಲ ಸಾಗಿಸುವ, ಕೆಳಗೆ ನೇತಾಡುವ ಟ್ರಾನ್ಸ್‌ಫರ್ ಕೇಸ್‌ನಲ್ಲಿ ಎಣ್ಣೆ ಹಿಡಿಯುವುದು ಸ್ವಲ್ಪವೇ, ಅದನ್ನು ಪ್ರತಿ ಸ್ಪರ್ಧೆಯ ನಂತರ ಬದಲಿಸದವರು ಗೇರುಗಳನ್ನೇ ಬದಲಿಸಬೇಕಾಗುತ್ತದೆ. ಆರ್‌ಎಸ್ ಎಂಬ ಬರಿಮೈ ಮಾದರಿಯಲ್ಲಿ ಎವೈಸಿ ಇಲ್ಲ, ಅಲ್ಲಿರುವುದು ಸರಳವಾದ ಯಾಂತ್ರಿಕ ಡಿಫರೆನ್ಷಿಯಲ್. ರ‍್ಯಾಲಿಗೆ ಬೇಕಾದದ್ದು ಅದೇ. ಗೇರ್‌ಬಾಕ್ಸ್‌ನಲ್ಲಿ ಎವೊದ ಐದು ಗೇರಿನದು ಒರಟಾದರೂ ಬಾಳಿಕೆಯದು, ಎಸ್‌ಟಿಐನ ಆರು ಗೇರಿನದು ಅದಕ್ಕಿಂತಲೂ ಗಟ್ಟಿ ಎಂದು ಒಪ್ಪಲೇಬೇಕು. 2007ರಲ್ಲಿ ಬಂದ ಎವೊ 10 ಅಲ್ಯೂಮಿನಿಯಂ ಎಂಜಿನ್ನಿನ, ಹಿಂದಿನವುಗಳಿಗಿಂತ ಎದ್ದುಕಾಣುವಷ್ಟು ತೂಕದ ಕಾರು. ಹೆದ್ದಾರಿಗೆ ಚೆಂದ, ಮುರುಂ ದಾರಿಗೆ ನಾನು ಅದನ್ನು ಆರಿಸುವುದಿಲ್ಲ.

ಎರೆ ಧೂಳಿನ ವಿಷಯದಲ್ಲಿ ಮೂರಕ್ಕೂ ಒಂದೇ ಮಾತು. ಫಿಲ್ಟರ್ ಕಟ್ಟಿಕೊಂಡರೆ ಟರ್ಬೊ ಮಿತಿಮೀರಿ ತಿರುಗುತ್ತದೆ. ಸ್ಟೇಜುಗಳ ನಡುವೆ ರಿಪೇರಿಗೆ ನಿಲ್ಲುವ ಸರ್ವಿಸ್ ಪಾರ್ಕಿಗೆ ಬಂದಾಗಲೆಲ್ಲ ಅದನ್ನು ಬದಲಿಸಬೇಕು.

ಬಿಡಿಭಾಗಗಳ ವಿಷಯಕ್ಕೆ ಬಂದರೆ ಎವೊಗೆ ನಮ್ಮ ದೇಶದಲ್ಲಿ ಒಂದು ಅನಿರೀಕ್ಷಿತ ಅನುಕೂಲವಿದೆ. ಎವೊ 7, 8, 9 ಮೂರೂ ಇಲ್ಲಿ ಮಾರಾಟವಾಗಿದ್ದ ಲ್ಯಾನ್ಸರ್ ಸಿಡಿಯಾದ ತಲೆಮಾರಿನ ದೇಹದ ಮೇಲೆಯೇ ಕಟ್ಟಿದವು, ಆ ಸಿಡಿಯಾ ರಾಷ್ಟ್ರೀಯ ರ‍್ಯಾಲಿಗಳಲ್ಲಿ ವರ್ಷಗಟ್ಟಲೆ ಓಡಿದ ಕಾರು. ಹೀಗಾಗಿ ಅದರ ಮೈಕಟ್ಟು ಬಲ್ಲ ಕೈಗಳು ಬೆಂಗಳೂರು, ಕೊಯಮತ್ತೂರಿನಲ್ಲಿ ಇನ್ನೂ ಸಿಗುತ್ತವೆ. ಸುಬಾರು ಹೆಸರಿನ ಕಾರು ಇಲ್ಲಿ ಅಧಿಕೃತವಾಗಿ ಬರಲೇ ಇಲ್ಲ. ಷೆವರ್ಲೆ ಫಾರೆಸ್ಟರ್ ಎಂಬ ಹೆಸರಿನಲ್ಲಿ ಅದರ ಒಂದು ಮಾದರಿ ಕೆಲಕಾಲ ಬಂದು ಹೋಯಿತು. ಜಿಆರ್ ಯಾರಿಸ್ ಅನ್ನು ಟೊಯೊಟಾ ಇಲ್ಲಿ ಮಾರುವುದಿಲ್ಲ, ಆಮದು ಸುಂಕ ಸೇರಿದರೆ ಅದರ ಬೆಲೆ ಕೇಳುವ ಧೈರ್ಯವೂ ಉಳಿಯುವುದಿಲ್ಲ. ಗಲ್ಫ್‌ನಲ್ಲಿ ಅಗ್ಗಕ್ಕೆ ಸಿಗುವ ಎವೊ, ಎಸ್‌ಟಿಐಗಳ ಚಿತ್ರಗಳನ್ನು ತೋರಿಸಿ, "ಕಾಕಾ, ಇದನ್ನ ತರಸ್ಕೊಂಡ್ರ ಆಗಂಗಿಲ್ಲೇನ್ರಿ?" ಎಂದು ಅಣ್ಣನ ಮಗ ಕೇಳುತ್ತಾನೆ. ಆಗುವುದಿಲ್ಲ. ಅವು ಎಡಗಡೆ ಸ್ಟಿಯರಿಂಗಿನವು, ಹಳೆಯವು. ನಮ್ಮ ಆಮದು ನಿಯಮ ಎರಡನ್ನೂ ಒಪ್ಪುವುದಿಲ್ಲ. ಈಗಾಗಲೇ ದೇಶದೊಳಗಿರುವ, ಕಾಗದಪತ್ರ ಸರಿಯಿರುವ ಕಾರನ್ನೇ ಹುಡುಕಬೇಕು.

ಈ ಎಲ್ಲ ಕಾರಣಗಳಿಂದ ನನ್ನ ಆಯ್ಕೆ ಎವೊ 8 ಅಥವಾ 9, ಸಾಧ್ಯವಾದರೆ ಆರ್‌ಎಸ್. ಹಣದ ಮಿತಿಯಿಲ್ಲದವರಿಗೆ ಯಾರಿಸ್ ಉತ್ತಮ ಎಂಬುದನ್ನು ಅಲ್ಲಗಳೆಯಲಾರೆ. ಜಿಆರ್ ಯಾರಿಸ್ ರ‍್ಯಾಲಿ2 ಎಂಬ ಪೂರ್ಣ ಸ್ಪರ್ಧಾ ಕಾರು 2024ರಿಂದ ಮೈದಾನದಲ್ಲಿದೆ, ಆದರೆ ಅದು ಕಾರ್ಖಾನೆಯಂಥ ತಂಡ ಬೇಡುವ ಯಂತ್ರ. ಇದೇ ಮೊದಲ ಸಲ ದಾರಿ ಓದಿ ಹೇಳುವ ನ್ಯಾವಿಗೇಟರ್ ಜೊತೆ ಕೂರುವವರು ಮಾತ್ರ ಈ ಮೂರನ್ನೂ ಬಿಟ್ಟು, ಮುಂದಿನ ಚಕ್ರ ಚಾಲನೆಯ ಸಿಡಿಯಾ ಅಥವಾ ಪೋಲೊದಲ್ಲಿ ಒಂದೆರಡು ಋತು ಕಳೆಯುವುದು ಒಳಿತು.

ಕೊಳ್ಳುವ ಮುನ್ನ ಎರಡು ಕೆಲಸ ಕಡ್ಡಾಯ. ಎವೊ 9ರ ಅಂತರರಾಷ್ಟ್ರೀಯ ಹೋಮೊಲೊಗೇಷನ್ (ಸ್ಪರ್ಧೆಗೆ ಸಿಕ್ಕ ಅಧಿಕೃತ ಒಪ್ಪಿಗೆ) ಅವಧಿ ಮುಗಿದಿರುವುದರಿಂದ, ಸ್ಪರ್ಧಿಸಬೇಕೆಂದಿರುವ ರ‍್ಯಾಲಿಯ ಆಯೋಜಕರು ಅದನ್ನು ಯಾವ ವರ್ಗದಲ್ಲಿ ಒಪ್ಪುತ್ತಾರೆ, ಯಾವ ಅಳತೆಯ ರೆಸ್ಟ್ರಿಕ್ಟರ್ (ಟರ್ಬೊಗೆ ಹೋಗುವ ಗಾಳಿಯನ್ನು ಮಿತಿಗೊಳಿಸುವ ಬಳೆ) ಹಾಕಬೇಕೆನ್ನುತ್ತಾರೆ ಎಂಬುದನ್ನು ಮೊದಲೇ ಲಿಖಿತವಾಗಿ ಪಡೆಯಬೇಕು. ಎರಡನೆಯದು, ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆ, ಅದೂ ಎಂಜಿನ್ ಚೆನ್ನಾಗಿ ಕಾದ ಮೇಲೆ. ಮಾರುವವನು ತಣ್ಣಗಿರುವಾಗಲೇ ನೋಡಿ ಎಂದರೆ, ಅಥವಾ ಟ್ರಾನ್ಸ್‌ಫರ್ ಕೇಸ್‌ನ ಎಣ್ಣೆ ಇಳಿಸಿ ಕಬ್ಬಿಣದ ಪುಡಿ ಇದೆಯೇ ಎಂದು ನೋಡಲು ಬಿಡದಿದ್ದರೆ, ಬೆಲೆಯ ಮಾತಿಗೇ ಇಳಿಯದೆ ಎದ್ದು ಬರಬೇಕು.