ಮೂಡಲ್ ಜೊತೆ ನಾಲ್ಕು ಮಳೆಗಾಲ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ ಹೇಳುತ್ತೇನೆ. 2020ರ ಲಾಕ್‌ಡೌನಿನಲ್ಲಿ ಮಕ್ಕಳೆಲ್ಲ ಊರು ಸೇರಿಕೊಂಡರು. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಕಡೆಯವರೇ ಜಾಸ್ತಿ. ವಾಟ್ಸಾಪಿನಲ್ಲಿ ಪಾಠ ಕಳಿಸಿ ಕಳಿಸಿ ಸಾಕಾಯಿತು. ಯಾರು ನೋಡಿದರು, ಯಾರು ಬರೆದರು, ಒಂದೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ವೆಬ್‌ಸೈಟಿಗೆ ಕೈ ಹಾಕಿದೆ. 2021ರ ಮಳೆಗಾಲದಿಂದ ಮೂಡಲ್ (Moodle) ಓಡಿಸುತ್ತಿದ್ದೇನೆ, ಆನ್‌ಲೈನಿನಲ್ಲಿ ಪಾಠ, ಪರೀಕ್ಷೆ, ಅಂಕ ನೋಡಿಕೊಳ್ಳುವ ತಂತ್ರಾಂಶ ಅದು. ಈಗ ನಾಲ್ಕು ಮಳೆಗಾಲ ಆಯಿತು.

ಮೊದಲು ಹಾಕಿದ್ದು ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್. ಅದನ್ನು ಬೈಯುವುದಿಲ್ಲ. ಫೋಟೋ, ಫೀಸಿನ ವಿವರ, ನೋಟಿಸು ಹಾಕಲು ಅಷ್ಟು ಸಲೀಸಾದದ್ದು ಬೇರೆ ನೋಡಿಲ್ಲ. ಆದರೆ ಅದು ಹುಟ್ಟಿದ್ದು ಬ್ಲಾಗ್ ಬರೆಯಲಿಕ್ಕೆ. ಪಾಠ, ಪರೀಕ್ಷೆ, ಅಂಕಪಟ್ಟಿ ಬೇಕಾದರೆ ಮೇಲಿಂದ ಪ್ಲಗಿನ್ ಅನ್ನುವ ಹೆಚ್ಚುವರಿ ತುಣುಕು ಹೊದಿಸಬೇಕು. ನಾನು ಒಂದು ಪ್ಲಗಿನ್ ಕೊಂಡೆ, ಹೆಸರು ಬೇಡ. ನೋಡಲಿಕ್ಕೆ ಮದುವೆಮನೆ ಚಪ್ಪರದ ಹಾಗಿತ್ತು. ಅದಕ್ಕೇ ಮರುಳಾಗಿದ್ದು ಅನ್ನಿ. ಒಂದು ದಿನ ಅಪ್‌ಡೇಟ್ ಒತ್ತಿದೆ, ಪೂರ್ವಸಿದ್ಧತಾ ಪರೀಕ್ಷೆಯ ವಾರವೇ ಅಂಕಗಳ ಪುಟ ಬಿಳಿ ಹಾಳೆ. ಬ್ಯಾಕಪ್ ಇಟ್ಟಿರಲಿಲ್ಲ, ಅದು ನನ್ನ ತಪ್ಪು.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಜೂನ್ ಕಳೆದರೆ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ, ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ, ಅಷ್ಟರಲ್ಲಿ ಹುಡುಗಿ ಹದಿನಾಲ್ಕು ಪ್ರಶ್ನೆ ಬರೆದಿರುತ್ತಾಳೆ, ಹದಿನೈದನೆಯದಕ್ಕೆ ಪುಟ ಸುತ್ತುತ್ತಾ ಕೂರುತ್ತದೆ. ಎಲ್ಲಾ ಹೋಯಿತು, ಮತ್ತೆ ಒಂದರಿಂದ. ಎರಡು ಸಲ ಹೀಗಾದರೆ ಯಾವ ಮಗು ಮೂರನೇ ಸಲ ಬರೆಯುತ್ತದೆ?

ಮೂಡಲ್ ತಗೊಂಡಿದ್ದು ಇದೊಂದೇ ಕಾರಣಕ್ಕೆ. 2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ್ದು, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದದ್ದು, ದುಡ್ಡಿಲ್ಲ. ಅದರ ಮೊಬೈಲ್ ಆ್ಯಪಿನಲ್ಲಿ ಪಾಠ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದೆ ಓದಬಹುದು. ಪರೀಕ್ಷೆಯನ್ನೂ ಬರೆಯಬಹುದು. ಕ್ವಿಜ್ ಸೆಟ್ಟಿಂಗಿನ ಒಳಗೆಲ್ಲೋ ಆಫ್‌ಲೈನ್‌ಗೆ ಬಿಡಬೇಕಾ ಅಂತ ಒಂದು ಆಯ್ಕೆ ಇದೆ. ಅದು ಸಿಗುವ ತನಕ ನಾನೂ ಬೈದುಕೊಂಡೇ ಇದ್ದೆ. ಆದರೆ ಟೈಮ್ ಲಿಮಿಟ್ ಇಟ್ಟ ಪರೀಕ್ಷೆಗೆ ಇದು ನಡೆಯುವುದಿಲ್ಲ, ಉತ್ತರ ಸರಿಯೋ ತಪ್ಪೋ ಅನ್ನುವುದನ್ನೂ ಕೊನೆಗೇ ತೋರಿಸಬೇಕು. ನಾನು ವಾರದ ಟೆಸ್ಟಿಗೆ ಸಮಯ ತೆಗೆದೇ ಹಾಕಿದೆ. ತಿಂಗಳ ಟೆಸ್ಟು ಎದುರಿಗೆ ಕೂರಿಸಿ ಪೇಪರಿನಲ್ಲಿ.

ಹೊಸನಗರ ಕಡೆಯ ಒಬ್ಬಳು ಸಂಜೆ ಕೊಪ್ಪೆ ಹಾಕಿಕೊಂಡು ಮನೆ ಹಿಂದಿನ ಗುಡ್ಡ ಹತ್ತುತ್ತಿದ್ದಳು. ಅಲ್ಲಿ ಒಂದು ಬಂಡೆಯ ಹತ್ತಿರ ಎರಡು ಕಡ್ಡಿ ಸಿಗ್ನಲ್. ಪಾಠ, ಟೆಸ್ಟು ಇಳಿಸಿಕೊಂಡು ಬಂದು ರಾತ್ರಿ ಬರೆಯುವುದು, ಮಾರನೇ ದಿನ ಮತ್ತೆ ಹತ್ತಿದಾಗ ಉತ್ತರ ತಾನಾಗಿ ಹೋಗುವುದು. "ಸರ್, ಸಿಂಕ್ ಆಯ್ತಾ ನೋಡಿ, ಇಳೀತೀನಿ, ಇಂಬಳ ಹತ್ತುತ್ತಾ ಇದೆ" ಅಂತ ಒಂದು ಸಾಲು ಮೆಸೇಜ್. ನಾನು ಇಲ್ಲಿ ಅಂಕ ನೋಡಿ "ಇಳಿಯಮ್ಮಾ" ಅನ್ನುತ್ತಿದ್ದೆ.

ಒಂದು ಮಾತು ನೆನಪಿಡಿ. ಯೂಟ್ಯೂಬ್ ಲಿಂಕ್ ಅಂಟಿಸಿದರೆ ಅದು ಆ್ಯಪಿನಲ್ಲಿ ಇಳಿಯುವುದಿಲ್ಲ. ಫೈಲನ್ನೇ ಮೂಡಲಿಗೆ ಏರಿಸಬೇಕು. ಏರಿಸಲು ಹೋದರೆ ಹೋಸ್ಟಿಂಗಿನಲ್ಲಿ, ಅಂದರೆ ಸೈಟು ಇಡಲು ಬಾಡಿಗೆಗೆ ತಗೊಂಡ ಸರ್ವರಿನಲ್ಲಿ, ಪಿಎಚ್‌ಪಿ (ಮೂಡಲ್ ಬರೆದಿರುವ ಭಾಷೆ) ಇಟ್ಟ ಫೈಲ್ ಗಾತ್ರದ ಮಿತಿ ಅಡ್ಡ ಬರುತ್ತದೆ, ಸುಮ್ಮನೆ ಬಿಟ್ಟರೆ ಅದು ಬರೀ 2 ಎಂಬಿ. ಆ ಮಿತಿಯನ್ನು ಹೋಸ್ಟಿಂಗ್ ಕಡೆಯಿಂದಲೇ ಹೆಚ್ಚಿಸಬೇಕು. ಮೂಡಲ್ ಒಳಗೆ ಎಷ್ಟು ತಡಕಾಡಿದರೂ ಆಗುವುದಿಲ್ಲ. ನಾನು ಕೊನೆಗೆ ವಿಡಿಯೋ ಬಿಟ್ಟು ಧ್ವನಿ ಮತ್ತು ಪಿಡಿಎಫ್‌ಗೆ ಬಂದೆ. ಲೆಕ್ಕಕ್ಕೆ ನನ್ನ ಮುಖ ಯಾಕೆ ಬೇಕು?

ಇನ್ನು ನನಗೆ ತುಂಬಾ ಖುಷಿ ಕೊಟ್ಟಿದ್ದು ಕ್ಯಾಲ್ಕುಲೇಟೆಡ್ ಅನ್ನುವ ಪ್ರಶ್ನೆ. ಸೂತ್ರ ಬರೆದು ಅಂಕಿಗಳ ಜಾಗ ಖಾಲಿ ಬಿಟ್ಟರೆ ಒಬ್ಬೊಬ್ಬರಿಗೆ ಒಂದೊಂದು ಅಂಕಿ ಹಾಕಿ ಕೊಡುತ್ತದೆ. ಡ್ರಾಯಿಂಗ್ಸ್, ಅಂದರೆ ಪಾಲುದಾರ ತನ್ನ ಖರ್ಚಿಗೆ ವ್ಯಾಪಾರದಿಂದ ತೆಗೆಯುವ ದುಡ್ಡು, ಅದರ ಮೇಲಿನ ಬಡ್ಡಿ ಲೆಕ್ಕ ತಗೊಳ್ಳಿ. ಪಾಲುದಾರ ಪ್ರತಿ ತಿಂಗಳ ಮೊದಲಿಗೆ ಒಂದೇ ಮೊತ್ತ ತೆಗೆದರೆ ವರ್ಷಕ್ಕೆ ಸರಾಸರಿ 6.5 ತಿಂಗಳ ಬಡ್ಡಿ, ಕೊನೆಗೆ ತೆಗೆದರೆ 5.5. ಮಕ್ಕಳು ಎರಡಕ್ಕೂ 6 ಹಾಕುತ್ತಾರೆ, ಅದು ತಿಂಗಳ ಮಧ್ಯೆ ತೆಗೆದವರ ಲೆಕ್ಕ. ಆ ತಪ್ಪು ಉತ್ತರದ ಸೂತ್ರವನ್ನೂ ನಾನು ಒಳಗೆ ಇಟ್ಟಿದ್ದೇನೆ. ಅದು ಬಂದರೆ ಅರ್ಧ ಅಂಕ, ಜೊತೆಗೆ "ದುಡ್ಡು ತೆಗೆದದ್ದು ಯಾವಾಗ, ಇನ್ನೊಂದು ಸಲ ಓದು" ಅನ್ನುವ ಸಾಲು. ವಾಟ್ಸಾಪಿನಲ್ಲಿ ಉತ್ತರ ಹಂಚಿಕೊಳ್ಳುವ ಪದ್ಧತಿ ಒಂದೇ ವಾರದಲ್ಲಿ ನಿಂತಿತು. ಪಾಪ, ಹಂಚಿಕೊಂಡವರಿಗೆಲ್ಲ ಸೊನ್ನೆ.

ಕಷ್ಟವೂ ಇದೆ. ಸೆಟ್ಟಿಂಗುಗಳು ಕಾಡಿನ ದಾರಿ ಇದ್ದ ಹಾಗೆ, ಒಂದು ಸಲ ಹೋದ ಕಡೆ ಮತ್ತೆ ಹೋಗಲು ಗುರುತು ಇಟ್ಟುಕೊಳ್ಳಬೇಕು. 2022ರ ಏಪ್ರಿಲಿನಲ್ಲಿ ಬಂದ ಮೂಡಲ್ 4.0 ಆವೃತ್ತಿಯಲ್ಲಿ ಎಡಗಡೆ ಪಾಠಗಳ ಪಟ್ಟಿ ಬಂತು, ಮಕ್ಕಳಿಗೆ ಸ್ವಲ್ಪ ಹಗುರವಾಯಿತು. ಮೇಲ್ ಕಳಿಸುವಂಥ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ಅಂತ ಒಂದಿದೆ, ನಿಮಿಷಕ್ಕೊಮ್ಮೆ ಓಡಬೇಕು ಅನ್ನುತ್ತಾರೆ. ನನ್ನ ಹಳೆಯ ಅಗ್ಗದ ಹೋಸ್ಟಿಂಗಿನಲ್ಲಿ ಅದಕ್ಕೆ ಬಿಡುತ್ತಿರಲಿಲ್ಲ, ಮೇಲ್‌ಗಳು ಬಸ್ಸು ತಪ್ಪಿದವರ ಹಾಗೆ ತಡವಾಗಿ ಬರುತ್ತಿದ್ದವು. ಈಗ ಸ್ವಲ್ಪ ದುಬಾರಿ ಸರ್ವರ್. ವರ್ಷಕ್ಕೆ ಮೂರು ಮಕ್ಕಳ ಫೀಸು ಅದಕ್ಕೇ ಸರಿ.

ಕನ್ನಡದ ಕಥೆ ಕೇಳಿ. ಪುಟದಲ್ಲಿ ಕನ್ನಡ ಚೆನ್ನಾಗಿಯೇ ಬರುತ್ತದೆ, ಆದರೆ ನನ್ನ ಹಳೆಯ ನೋಟ್ಸೆಲ್ಲ ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿತ್ತು, ಎಲ್ಲ ಕಡೆ ಓದಲು ಬರುವ ಯೂನಿಕೋಡಿಗೆ ತಿರುಗಿಸದೆ ಹಾಕಿದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ. ಒಂದು ಬೇಸಿಗೆ ರಜೆ ಪೂರ್ತಿ ಅದಕ್ಕೆ ಹೋಯಿತು. ಸರ್ಟಿಫಿಕೇಟು ಮಾತ್ರ ಇನ್ನೂ ಸರಿಯಾಗಿಲ್ಲ. ಪಿಡಿಎಫ್‌ನಲ್ಲಿ ಒತ್ತಕ್ಷರ ಕೂಡುವುದಿಲ್ಲ, "ವಿದ್ಯಾರ್ಥಿ"ಯ ತುಂಡುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಕನ್ನಡದ ಸಾಲುಗಳನ್ನು ಚಿತ್ರ ಮಾಡಿ ಹಿಂದೆ ಇಟ್ಟೆ. ಹೆಸರನ್ನು ಕೈಯಲ್ಲೇ ಬರೆದು ಕೊಡುತ್ತೇನೆ.

ಬರೀ ನಾಲ್ಕು ವಿಡಿಯೋ ಮಾರುವವರಿಗೆ ಮೂಡಲ್ ಬೇಡ, ವರ್ಡ್‌ಪ್ರೆಸ್ಸೇ ಸಾಕು. ನನ್ನದೂ ಮುಂಬಾಗಿಲಿಗೆ ಈಗಲೂ ವರ್ಡ್‌ಪ್ರೆಸ್ಸೇ, ಫೀಸು ಮತ್ತು ಫೋನ್ ನಂಬರಿಗೆ. ಒಳಗೆ ಮೂಡಲ್. ಸರ್ವರ್ ಬಾಕಿ ಮೇ ತಿಂಗಳಿಗೆ ಬರುತ್ತದೆ, ಈ ಸಲ ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟುತ್ತಿದ್ದೇನೆ.