ಒತ್ತಕ್ಷರ ಕೂತರೆ ಒಳಗೆ, ಇಲ್ಲದಿದ್ದರೆ ಹೊರಗೆ: ಪುಕ್ಕಟೆ ಡಿಟಿಪಿ ಸಾಫ್ಟ್‌ವೇರ್‌ಗಳ ಹೋಲಿಕೆ

ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಕರಪತ್ರ, ವರ್ಷಕ್ಕೆ ಒಂದೆರಡು ಸ್ಮರಣ ಸಂಚಿಕೆ. ಇಷ್ಟಕ್ಕೆ ಪುಟ ಜೋಡಿಸಲು ಇನ್‌ಡಿಸೈನ್, ಫೋಟೋಗೆ ಫೋಟೋಶಾಪ್, ಚಿತ್ರ ಬಿಡಿಸಲು ಕೋರಲ್ ಅಂತ ಮೂರಕ್ಕೂ ದುಡ್ಡು ಸುರಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದು ಸಲ ಕೊಂಡು ಹತ್ತು ವರ್ಷ ಓಡಿಸೋಣ ಅಂದರೆ ಅದೂ ಆಗದು, ಮೊದಲೆರಡನ್ನು ಮಾಡುವ ಅಡೋಬಿ 2013ರಲ್ಲೇ ಚಂದಾ ಪದ್ಧತಿಗೆ ಹೋಯಿತು. ಕ್ರ್ಯಾಕ್ ಕಾಪಿ ಹಾಕಿಕೊಂಡಿದ್ದ ಕಾಲವೂ ಇತ್ತು, ಸುಳ್ಳು ಯಾಕೆ ಹೇಳಲಿ. ಒಮ್ಮೆ ವೈರಸ್ ಹೊಕ್ಕು ಎರಡು ವರ್ಷದ ಫೈಲುಗಳು ಹೋದ ಮೇಲೆ ಬುದ್ಧಿ ಬಂತು.

ಹೋದ ವರ್ಷ 64 ಪುಟದ ಸ್ಮರಣ ಸಂಚಿಕೆಯೊಂದು ಕೈಗೆ ಬಂದಾಗ ಪುಕ್ಕಟೆ ಸಿಗುವುದನ್ನೆಲ್ಲ ಕೂರಿಸಿ ನೋಡಿದೆ. ಪರೀಕ್ಷೆ ಸರಳ. ಸ್ವಾತಂತ್ರ್ಯ, ವೈಶಿಷ್ಟ್ಯ, ಸೂರ್ಯ, ಜ್ಯೋತ್ಸ್ನಾ. ಈ ನಾಲ್ಕು ಪದ ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗೂ ಒಂದೇ ಅಕ್ಷರ ಸಂಕೇತ ಪದ್ಧತಿ) ಸರಿಯಾಗಿ ಕೂತರೆ ಮುಂದಿನ ಮಾತು.

ನಮ್ಮ ಕಡೆ ಎಷ್ಟೋ ಅಂಗಡಿಯವರು ಪುಟ ಜೋಡಿಸುವ ಹಳೆಯ ಪೇಜ್‌ಮೇಕರ್ ಬಿಡದೇ ಇರುವುದಕ್ಕೂ ಇದೇ ಕಾರಣ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರಲ್ವಾ, ಹಾಗಾಗಿ ಸಾಫ್ಟ್‌ವೇರ್ ತಲೆ ಓಡಿಸಬೇಕಾಗಿಯೇ ಇಲ್ಲ. ಯೂನಿಕೋಡ್‌ನಲ್ಲಿ ಒತ್ತು ಎಲ್ಲಿ ಇಳಿಯಬೇಕು ಅನ್ನುವುದನ್ನು ಸಾಫ್ಟ್‌ವೇರೇ ಲೆಕ್ಕ ಹಾಕಬೇಕು. ದುಡ್ಡು ಕೊಟ್ಟರೂ ಇದು ತಾನಾಗಿ ಬರುತ್ತದೆ ಅಂತಿಲ್ಲ. ಇನ್‌ಡಿಸೈನ್‌ನಲ್ಲಿ 'ವರ್ಲ್ಡ್ ರೆಡಿ ಕಂಪೋಸರ್' ಆರಿಸದೇ ಇದ್ದರೆ ಅಲ್ಲೂ ಒತ್ತಕ್ಷರ ಒಡೆದು ಬೀಳುತ್ತದೆ.

ಮೊದಲು ಲಿಬ್ರೆಆಫೀಸ್ ರೈಟರ್. ನಾಲ್ಕೂ ಪದ ಪಾಸ್. ಆದರೆ ನೋಟೋ ಸೆರಿಫ್ ಕನ್ನಡ ಹಾಕಿದ ಕೂಡಲೇ ಸಾಲುಗಳ ನಡುವೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಬಿತ್ತು. ಆ ಫಾಂಟಿನ ಎತ್ತರವೇ ಜಾಸ್ತಿ. ಸಾಲಿನ ಅಂತರವನ್ನು 'ಫಿಕ್ಸೆಡ್' ಮಾಡಿ, 12 ಪಾಯಿಂಟ್ ಅಕ್ಷರಕ್ಕೆ 17 ಪಾಯಿಂಟ್ ಕೊಟ್ಟೆ, ಸರಿಹೋಯಿತು. 15ಕ್ಕೆ ಇಳಿಸಿದರೆ 'ಷ್ಟ್ರ'ದ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇನ್ನೊಂದು ಎಡವಟ್ಟು: ಕನ್ನಡಕ್ಕೂ ಇಂಗ್ಲಿಷಿಗೂ ಇದರಲ್ಲಿ ಬೇರೆ ಬೇರೆ ಫಾಂಟ್ ಸೆಟ್ಟಿಂಗ್. ಸೆಟ್ಟಿಂಗ್ಸ್‌ಗೆ ಹೋಗಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಆನ್ ಮಾಡಿಕೊಳ್ಳಿ. ಇಲ್ಲದಿದ್ದರೆ ಸ್ಟೈಲ್‌ನಲ್ಲಿ ಸೈಜು ಬದಲಿಸಿದರೂ ಕನ್ನಡ ಮಾತ್ರ ಅಲ್ಲಾಡುವುದಿಲ್ಲ. ನಾನು ಅರ್ಧ ದಿನ ಇದರಲ್ಲೇ ಕಳೆದೆ.

ಬರೀ ಬರಹದ ಪುಸ್ತಕಕ್ಕೆ ರೈಟರ್ ಸಾಕು. ಸಂಚಿಕೆಗೆ ಸಾಲದು. ಎರಡು ಕಾಲಂ, ಪುಟಕ್ಕೆ ನಾಲ್ಕು ಫೋಟೋ, ನಡುವೆ ಜಾಹೀರಾತು. ಸಮಿತಿಯವರು ಒಂದು ಸಾಲು ಸೇರಿಸಿ ಅಂದರು, ಅಲ್ಲಿಂದ ಮುಂದಿನ ಫೋಟೋಗಳೆಲ್ಲ ಜಾಗ ಬಿಟ್ಟು ಓಡಾಡಿದವು.

ಆಗ ಪುಟ ಜೋಡಿಸಲೆಂದೇ ಇರುವ ಸ್ಕ್ರೈಬಸ್. ಇದನ್ನು ಹಿಂದೆ 1.4 ಆವೃತ್ತಿಯಲ್ಲಿ ನೋಡಿ ಕೈಬಿಟ್ಟಿದ್ದೆ, 'ಅಕ್ಕ' ಅಂತ ಹೊಡೆದರೆ 'ಅಕ್‌ಕ' ಅಂತ ತೋರಿಸುತ್ತಿತ್ತು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಆ ಕಾಟ ಇಲ್ಲ. ನಾಲ್ಕೂ ಪದ ಪಾಸ್. ಪೇಜ್‌ಮೇಕರ್ ಕೈಗೆ ಇದು ಬೇಗ ಹತ್ತುತ್ತದೆ. ಚೌಕಟ್ಟು ಎಳೆಯಿರಿ, ಒಂದಕ್ಕೊಂದು ಕೊಂಡಿ ಹಾಕಿ, ಬರಹ ತಾನೇ ಹರಿಯುತ್ತದೆ. ರೈಟರ್ ಫೈಲನ್ನು ನೇರ ಒಳಗೆ ತರಬಹುದು.

ಸ್ಕ್ರೈಬಸ್ ನಿಜವಾಗಿ ಗೆದ್ದದ್ದು ಪ್ರೆಸ್ಸಿನಲ್ಲಿ. ರೈಟರ್‌ನ ಪಿಡಿಎಫ್‌ನಲ್ಲಿ ಕಪ್ಪು ಅಂದರೆ ಆರ್‌ಜಿಬಿ ಕಪ್ಪು, ಪರದೆಯ ಕೆಂಪು-ಹಸಿರು-ನೀಲಿ ಬೆಳಕಿನ ಲೆಕ್ಕದ್ದು. ಕಲರ್ ಪುಟಕ್ಕೆ ಪ್ಲೇಟ್ ಮಾಡುವಾಗ ಅದು ನಾಲ್ಕೂ ಇಂಕಿಗೆ ಹಂಚಿಹೋಗಬಹುದು. ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಾಕು, ದಪ್ಪ ಶೀರ್ಷಿಕೆಗೆ ಏನೂ ಆಗದು, ಪುಟ್ಟ ಒತ್ತಕ್ಷರಗಳ ಸುತ್ತ ಮಾತ್ರ ಕೆಂಪು ನೀಲಿ ನೆರಳು. ನನ್ನ ಪ್ರೂಫ್ ಪುಟದಲ್ಲಿ 'ತ್ರ್ಯ' ಒಂದು ಮಸಿ ಚುಕ್ಕೆಯಾಗಿತ್ತು. ಸ್ಕ್ರೈಬಸ್‌ನಲ್ಲಿ ಸಿಎಂವೈಕೆ, ಅಂದರೆ ಪ್ರೆಸ್ಸಿನ ನಾಲ್ಕು ಇಂಕಿನ ಲೆಕ್ಕ, ಇದೆ, ಬ್ಲ್ಯಾಕ್ ಆರಿಸಿದರೆ ಬರೀ ಕಪ್ಪು ಇಂಕು. ಅದೇ ಪುಟ ಎರಡನೇ ಸಲ ಕನ್ನಡಿಯ ಹಾಗೆ ಬಂತು.

ಕುಂದು ಇಲ್ಲ ಅಂತಲ್ಲ. ಉದ್ದ ಲೇಖನ ಹತ್ತಿಪ್ಪತ್ತು ಚೌಕಟ್ಟಿನಲ್ಲಿ ಹರಿದಾಗ ನನ್ನ ಹಳೇ ಕಂಪ್ಯೂಟರ್ ಏದುಸಿರು ಬಿಟ್ಟಿತು. ಅದಕ್ಕೇ ತಿದ್ದುಪಡಿ ಎಲ್ಲ ರೈಟರ್‌ನಲ್ಲೇ ಮುಗಿಸಿ, ಆಮೇಲೆ ಇಲ್ಲಿಗೆ ತರುತ್ತೇನೆ.

ಮದುವೆ ಕಾರ್ಡಿಗೆ ಕೋರಲ್ ಬದಲು ಇಂಕ್‌ಸ್ಕೇಪ್. ಕನ್ನಡ ಚೆನ್ನಾಗಿ ಕೂರುತ್ತದೆ. 2022ರ 1.2ರಿಂದ ಒಂದೇ ಫೈಲಿನಲ್ಲಿ ಹಲವು ಪುಟ ಇಡಬಹುದು, ಕಾರ್ಡಿನ ಎರಡೂ ಬದಿ ಒಟ್ಟಿಗೇ ಆಗುತ್ತದೆ. 'ಆಬ್ಜೆಕ್ಟ್ ಟು ಪಾತ್' ಒತ್ತಿದರೆ ಕೋರಲ್‌ನಲ್ಲಿ ಕರ್ವ್ಸ್ ಮಾಡಿದ ಹಾಗೇ ಅಕ್ಷರಗಳು ಬರೀ ಗೆರೆಗಳಾಗುತ್ತವೆ, ಪ್ರೆಸ್ಸಿಗೆ ಫಾಂಟ್ ಕಳಿಸಬೇಕಿಲ್ಲ. ಸಿಎಂವೈಕೆ ಪಿಡಿಎಫ್ ಮಾತ್ರ ಕೊಡುವುದಿಲ್ಲ. ಹಾಗಾಗಿ ಅದರ ಎಸ್‌ವಿಜಿ ಫೈಲನ್ನು ಸ್ಕ್ರೈಬಸ್‌ಗೆ ಹಾಕಿ ಅಲ್ಲಿ ಬಣ್ಣ ಸರಿಮಾಡುತ್ತೇನೆ. ಸುತ್ತುಬಳಸು ದಾರಿ, ನಿಜ. ಕೋರಲ್‌ನ ಹಳೆಯ ಸಿಡಿಆರ್ ಫೈಲ್‌ಗಳನ್ನೂ ಇಂಕ್‌ಸ್ಕೇಪ್ ತೆರೆಯುತ್ತದೆ. ಬಳ್ಳಿ, ಗಣಪತಿ ಬರುತ್ತವೆ, ಅಕ್ಷರಗಳ ಮೇಲೆ ಆಸೆ ಬೇಡ.

ಫೋಟೋಗೆ ಗಿಂಪ್. ಬೆಳಕು ಏರಿಸುವುದು, ಹಿನ್ನೆಲೆ ತೆಗೆಯುವುದು, ಹಳೇ ಫೋಟೋದ ಗೀರು ಅಳಿಸುವುದು, ನಮ್ಮ ಕೆಲಸ ಇಷ್ಟೇ, ಆಗುತ್ತದೆ. ಹಾಕಿದ ಎಫೆಕ್ಟನ್ನು ಆಮೇಲೆ ತಿದ್ದುವ ಸೌಕರ್ಯ 2025ರ 3.0ರಲ್ಲಿ ಬಂತು. ಫೋಟೋಶಾಪ್ ಶಾರ್ಟ್‌ಕಟ್‌ಗಳಿಗೆ ಒಗ್ಗಿದ ಬೆರಳುಗಳು ಮಾತ್ರ ಒಂದು ತಿಂಗಳು ತಪ್ಪು ಕೀ ಒತ್ತುತ್ತಲೇ ಇದ್ದವು.

ಈಗ ಅಂಗಡಿಯ ಎರಡು ಕಂಪ್ಯೂಟರ್‌ಗಳಲ್ಲಿ ಈ ನಾಲ್ಕೇ ಇರುವುದು. ಮೂಲೆಯ ಮೂರನೆಯದರಲ್ಲಿ ಪೇಜ್‌ಮೇಕರ್ ಇನ್ನೂ ಇದೆ. ಪ್ರತಿ ಜಾತ್ರೆಗೂ ಹಳೇ ಸಿಡಿ ಹಿಡಿದು ಬರುವ ಹಿರಿಯರೊಬ್ಬರಿದ್ದಾರೆ. "ಏನೂ ಬೇಡಪ್ಪಾ, ಹೋದ ಸಲದ್ದೇ ತೆಗಿ, ತಾರೀಕು ಒಂದು ಬದಲಾಯಿಸು" ಅನ್ನುತ್ತಾರೆ.